ಇಂಗ್ಲಿಷ್ ಪದಗಳ ಹುಸಿ ವಿಸ್ತೃತ ರೂಪಗಳು

ಪದವೊಂದರ ಪ್ರತಿಯೊಂದು ಅಕ್ಷರವೂ ಬೇರೊಂದು ಪದದ ಮೊದಲಕ್ಷರವೆಂದು ಭಾವಿಸಿ, ಆ ಪದ ಬಳಕೆಗೆ ಬಂದ ಎಷ್ಟೋ ಕಾಲದ ಮೇಲೆ ಕಲ್ಪಿಸಿದ ವಿವರಣೆಯನ್ನು ಹುಸಿ ವಿಸ್ತೃತ ರೂಪ ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಬ್ಯಾಕ್ರೊನಿಮ್ ಎಂಬ ಹೆಸರಿದೆ. ಇದು ಜನಪದ ನಿರುಕ್ತಿಯ ಒಂದು ಬಗೆ. ‘ನ್ಯೂಸ್’, ‘ಗಾಲ್ಫ್’, ‘ಪಾಶ್’ ಮೊದಲಾದ ಪದಗಳಿಗೆ ಇಂತಹ ವಿವರಣೆಗಳು ‘ಫುಲ್ ಫಾರ್ಮ್’ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳ ನಡುವೆಯೂ ಮೊಬೈಲ್ ಸಂದೇಶಗಳಲ್ಲಿಯೂ ಪ್ರಚಾರದಲ್ಲಿವೆ. ನೆನಪಿಡಲು ಸುಲಭವಾಗಿರುವುದರಿಂದ ಇವು ಬೇಗ ಹರಡುತ್ತವೆ. ಆದರೆ ಇವುಗಳಿಗೆ ಚಾರಿತ್ರಿಕ ಆಧಾರವಿಲ್ಲ.

ನಿಜವಾದ ಪ್ರಥಮಾಕ್ಷರ ಪದಗಳು

ಹಲವು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಹೊಸ ಪದ ಕಟ್ಟುವ ಕ್ರಮ ಇಂಗ್ಲಿಷಿನಲ್ಲಿ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಂತಹ ಪದಗಳನ್ನು ಸೂಚಿಸುವ ‘ಅಕ್ರೋನಿಮ್’ ಎಂಬ ಹೆಸರೇ 1940ರ ದಶಕದಲ್ಲಿ ರೂಢಿಗೆ ಬಂದಿತು. ‘ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್’ ಎಂಬುದರಿಂದ ಬಂದ ‘ರೇಡಾರ್’ ಮತ್ತು ಅನಂತರದ ‘ಲೇಸರ್’ ಇದಕ್ಕೆ ನಿಜವಾದ ಉದಾಹರಣೆಗಳು. ಆದ್ದರಿಂದ ನೂರಾರು ವರ್ಷ ಹಳೆಯದಾದ ಪದವೊಂದಕ್ಕೆ ವಿಸ್ತೃತ ರೂಪವನ್ನು ಹೇಳಿದಾಗ ಸಂದೇಹಪಡುವುದು ಯುಕ್ತ.

ನ್ಯೂಸ್

ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಎಂಬ ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ‘ನ್ಯೂಸ್’ ಪದ ಹುಟ್ಟಿತೆಂಬ ವಿವರಣೆ ಭಾರತದಲ್ಲಿ ಬಹಳ ಪ್ರಸಿದ್ಧವಾಗಿದೆ. ವಾಸ್ತವವಾಗಿ ಇದು ‘ಹೊಸ’ ಎಂಬರ್ಥದ ‘ನ್ಯೂ’ ಪದದ ಬಹುವಚನ ರೂಪ; ‘ಹೊಸ ಸಂಗತಿಗಳು’ ಎಂಬುದು ಇದರ ಮೂಲಾರ್ಥ. ಹಳೆಯ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿಯೂ ‘ಹೊಸ’ ಎಂಬ ವಿಶೇಷಣದ ಬಹುವಚನವೇ ಸುದ್ದಿ ಎಂಬ ಅರ್ಥವನ್ನು ಪಡೆದಿತ್ತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಈ ಪದಕ್ಕೆ ಬೇರೆ ಬೇರೆ ಕಾಗುಣಿತಗಳಿದ್ದು, ಅವುಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಅಕ್ಷರಗಳೂ ಕಂಡುಬರುತ್ತವೆ. ಅವು ದಿಕ್ಕುಗಳ ಕತೆಗೆ ಹೊಂದುವುದಿಲ್ಲ.

ಈ ಮೂಲವನ್ನು ಅರಿತರೆ ವ್ಯಾಕರಣದ ಒಂದು ಸಾಮಾನ್ಯ ಸಂಶಯವೂ ಪರಿಹಾರವಾಗುತ್ತದೆ. ಪದದ ಕೊನೆಯ ‘ಎಸ್’ ಬಹುವಚನದ ಕುರುಹಾದರೂ ಇಂದಿನ ಇಂಗ್ಲಿಷಿನಲ್ಲಿ ಇದು ಏಕವಚನದ ಕ್ರಿಯಾಪದವನ್ನೇ ಪಡೆಯುತ್ತದೆ. ‘ದ ನ್ಯೂಸ್ ಈಸ್ ಗುಡ್’ ಎಂಬುದು ಶುದ್ಧ ಪ್ರಯೋಗ. ‘ಆರ್’ ಬಳಸುವುದು ಈಗ ತಪ್ಪು. ಇದು ಎಣಿಸಲಾಗದ ನಾಮಪದವಾದ್ದರಿಂದ ‘ಎ ನ್ಯೂಸ್’ ಎನ್ನದೆ ‘ಎ ಪೀಸ್ ಆಫ್ ನ್ಯೂಸ್’ ಎನ್ನಬೇಕು.

ಗಾಲ್ಫ್

‘ಜಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್’, ಅಂದರೆ ‘ಮಹನೀಯರಿಗೆ ಮಾತ್ರ, ಮಹಿಳೆಯರಿಗೆ ನಿಷಿದ್ಧ’ ಎಂಬುದು ಈ ಆಟದ ಹೆಸರಿನ ವಿಸ್ತೃತ ರೂಪವೆಂದು ಹೇಳುವುದುಂಟು. ಆದರೆ ಈ ಪದ 1457ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಸಂಸತ್ತಿನ ಶಾಸನವೊಂದರಲ್ಲಿ ದೊರೆಯುತ್ತದೆ. ಬಿಲ್ವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂಬ ಕಾರಣದಿಂದ ಆ ಶಾಸನ ಕಾಲ್ಚೆಂಡನ್ನೂ ಗಾಲ್ಫನ್ನೂ ನಿಷೇಧಿಸಿತು. ಹೀಗೆ ನಿಷೇಧವೊಂದು ಇದ್ದದ್ದು ನಿಜ. ಅದು ಆಟಕ್ಕೇ ಹೊರತು ಮಹಿಳೆಯರಿಗಲ್ಲ. ಕೋಲು ಎಂಬರ್ಥದ ಡಚ್ ಪದವೊಂದಕ್ಕೂ ಇದಕ್ಕೂ ಸಂಬಂಧವಿರಬಹುದೆಂಬುದು ವಿದ್ವಾಂಸರ ಊಹೆ.

ಪಾಶ್

ಸೊಗಸಾದ, ಸಿರಿವಂತಿಕೆಯ ಎಂಬ ಅರ್ಥದ ಈ ಪದದ ಕತೆ ಭಾರತದೊಂದಿಗೆ ತಳುಕು ಹಾಕಿಕೊಂಡಿದೆ. ಬ್ರಿಟನ್ನಿನಿಂದ ಭಾರತಕ್ಕೆ ಹಡಗಿನಲ್ಲಿ ಬರುವಾಗ ಎಡಬದಿಯ ಕೋಣೆ, ಮರಳುವಾಗ ಬಲಬದಿಯ ಕೋಣೆ ಬಿಸಿಲಿನಿಂದ ದೂರವಿರುತ್ತಿದ್ದವು; ಹಣವಂತರು ಇವನ್ನೇ ಕಾದಿರಿಸುತ್ತಿದ್ದರು; ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂದು ಅವರ ಟಿಕೆಟಿನ ಮೇಲೆ ನಾಲ್ಕು ಅಕ್ಷರಗಳನ್ನು ಮುದ್ರಿಸಲಾಗುತ್ತಿತ್ತು ಎಂಬುದು ಆ ಕತೆ. ಆದರೆ ಪಿ ಅಂಡ್ ಓ ಹಡಗು ಕಂಪನಿಯ ಅಂತಹ ಒಂದು ಟಿಕೆಟೂ ಈವರೆಗೆ ದೊರೆತಿಲ್ಲ. ಪದವು ಬಳಕೆಗೆ ಬಂದು ವರ್ಷಗಳು ಕಳೆದ ಮೇಲೆ ಈ ವಿವರಣೆ ಕಾಣಿಸಿಕೊಂಡಿತು. ‘ಪಾಶ್’ ಪದದ ನಿಜವಾದ ಮೂಲ ಇನ್ನೂ ನಿರ್ಣಯವಾಗಿಲ್ಲ.

ಅಪವಾದ: ಓಕೆ

ಹಳೆಯ ಪದವೊಂದು ನಿಜವಾಗಿಯೂ ಮೊದಲಕ್ಷರಗಳಿಂದ ಹುಟ್ಟಿದ್ದಕ್ಕೆ ‘ಓಕೆ’ ಉದಾಹರಣೆ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಗಳಲ್ಲಿ ಬೇಕೆಂದೇ ತಪ್ಪು ಕಾಗುಣಿತ ಬಳಸಿ ಸಂಕ್ಷೇಪಗಳನ್ನು ರಚಿಸುವ ವಿನೋದವಿತ್ತು. ‘ಎಲ್ಲವೂ ಸರಿ’ ಎಂಬರ್ಥದ ‘ಆಲ್ ಕರೆಕ್ಟ್’ ಎಂಬುದನ್ನು ‘ಓ’ ಮತ್ತು ‘ಕೆ’ ಅಕ್ಷರಗಳಿಂದ ಆರಂಭಿಸಿ ಬರೆದದ್ದರ ಸಂಕ್ಷೇಪವೇ ಓಕೆ. ಇದು 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಅಚ್ಚಾಗಿದೆ. ಮರುವರ್ಷದ ಚುನಾವಣೆಯಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್‌ರ ಬೆಂಬಲಿಗರು ಅವರ ಹುಟ್ಟೂರಾದ ಕಿಂಡರ್‌ಹುಕ್‌ನ ಹೆಸರನ್ನು ಸೇರಿಸಿ ‘ಓಲ್ಡ್ ಕಿಂಡರ್‌ಹುಕ್’ ಎಂಬರ್ಥದಲ್ಲಿ ಅದೇ ಅಕ್ಷರಗಳನ್ನು ಬಳಸಿದರು. ವ್ಯಾನ್ ಬ್ಯೂರೆನ್ ಸೋತರು; ಪದ ಉಳಿಯಿತು.

ಈ ಸಂಗತಿಯನ್ನು ಹಳೆಯ ಪತ್ರಿಕೆಗಳಿಂದ ಹೆಕ್ಕಿ 1960ರ ದಶಕದಲ್ಲಿ ಸಿದ್ಧಪಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್. ಅದಕ್ಕೆ ಮುನ್ನ ಅಮೆರಿಕದ ಮೂಲನಿವಾಸಿಗಳ ಚೋಕ್ಟಾ ಭಾಷೆ, ಗ್ರೀಕ್, ಸ್ಕಾಟಿಷ್ ಹೀಗೆ ಹಲವು ಮೂಲಗಳನ್ನು ಊಹಿಸಲಾಗಿತ್ತು. ಇಂದು ಈ ಪದವನ್ನು ಎರಡು ಅಕ್ಷರಗಳಲ್ಲಿಯೂ ನಾಲ್ಕು ಅಕ್ಷರಗಳಲ್ಲಿಯೂ ಬರೆಯುವುದುಂಟು, ಎರಡೂ ಶುದ್ಧ. ಔಪಚಾರಿಕ ಪತ್ರಗಳಲ್ಲಿ ಮಾತ್ರ ಇದನ್ನು ಬಳಸದಿರುವುದು ಲೇಸು.

ಪರಿಶೀಲಿಸುವ ಕ್ರಮ

ಪದಮೂಲದ ಯಾವುದೇ ವಿವರಣೆಯನ್ನು ಒಪ್ಪುವ ಮುನ್ನ ಮೂರು ಅಂಶಗಳನ್ನು ನೋಡಬೇಕು: ಪದದ ಅತ್ಯಂತ ಹಳೆಯ ಲಿಖಿತ ಪ್ರಯೋಗ ಯಾವ ಕಾಲದ್ದು, ಆಗ ಅದರ ಕಾಗುಣಿತ ಮತ್ತು ಅರ್ಥ ಹೇಗಿದ್ದವು, ವಿವರಣೆ ಮೊದಲು ಕಾಣಿಸಿಕೊಂಡದ್ದು ಯಾವಾಗ. 1884ರಿಂದ 1928ರವರೆಗೆ ಭಾಗಗಳಾಗಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪದಗಳ ಪ್ರಯೋಗಗಳನ್ನು ಕಾಲಸಹಿತವಾಗಿ ನೀಡುತ್ತದೆ. ಸಹಸ್ರಾರು ಓದುಗರು ಪುಸ್ತಕಗಳನ್ನು ಓದಿ ಚೀಟಿಗಳಲ್ಲಿ ಬರೆದು ಕಳುಹಿಸಿದ ವಾಕ್ಯಗಳೇ ಅದರ ತಳಹದಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೂಡ ಕಾವ್ಯ ಹಾಗೂ ಶಾಸನಗಳ ಪ್ರಯೋಗಗಳನ್ನು ಉದ್ಧರಿಸಿಯೇ ಅರ್ಥವನ್ನು ನಿರೂಪಿಸುತ್ತದೆ. ಮೂಲ ನಿರ್ಣಯವಾಗದ ಪದಗಳಿಗೆ ಉತ್ತಮ ನಿಘಂಟುಗಳು ‘ಮೂಲ ಅಜ್ಞಾತ’ ಎಂದೇ ಸೂಚಿಸುತ್ತವೆ. ಆ ಸ್ಥಾನವನ್ನು ಕಲ್ಪಿತ ಕತೆಗಳಿಂದ ತುಂಬುವುದಿಲ್ಲ.