ಮೂಳೆಯ ಕ್ಯಾನ್ಸರ್: ಶಸ್ತ್ರದೊಡನೆ ಔಷಧವೂ ಬೇಕು

ಬೆಳೆಯುವ ಮಕ್ಕಳ ಮೊಣಕಾಲಿನ ಬಳಿ ವಾರಗಟ್ಟಲೆ ಇಳಿಯದ ನೋವು, ಬಾವು ಕಂಡರೆ ಉಳುಕೆಂದು ತಿಕ್ಕಿಸುತ್ತ ಕಾಲ ಕಳೆಯಬಾರದು. ಅದು ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಆಗಿರಬಹುದು.

1970ಕ್ಕೆ ಮುನ್ನ ಕಾಲನ್ನು ಕತ್ತರಿಸುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಆದರೂ 100ರಲ್ಲಿ ಸುಮಾರು 80 ರೋಗಿಗಳು ಉಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ ರೋಗಕಣಗಳು ಮೊದಲೇ ಶ್ವಾಸಕೋಶವನ್ನು ಸೇರಿರುತ್ತಿದ್ದವು. ಅವುಗಳನ್ನು ನಾಶಮಾಡಲೆಂದೇ ಶಸ್ತ್ರಚಿಕಿತ್ಸೆಗೆ ಮುನ್ನ ಸುಮಾರು 10 ವಾರ, ಅನಂತರ ಕೆಲವು ತಿಂಗಳು ಕಿಮೊಥೆರಪಿ ನೀಡುತ್ತಾರೆ. ರೋಗ ಬೇರೆಡೆ ಹರಡದೆ, ಪೂರ್ಣ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ ಸುಮಾರು 60ರಿಂದ 70 ಮಂದಿ ಬದುಕುಳಿಯುತ್ತಾರೆ. ಅನೇಕರ ಕಾಲೂ ಉಳಿಯುತ್ತದೆ.

ಉದುರಿದ ಕೂದಲು ಮತ್ತೆ ಬೆಳೆಯುವುದು. ಗಡ್ಡೆ ಹೋಯಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು. ಶರೀರವನ್ನೇ ದೇಗುಲವೆಂದು ಕಂಡ ಶರಣರ ಪರಂಪರೆಯವರಿಗೆ ಅದರ ರಕ್ಷಣೆಯೂ ಪೂಜೆಯೇ ಅಲ್ಲವೇ?