ಹಿತ್ತಲ ಕೋಳಿ ಸಾಕಣೆಯಲ್ಲಿ ಇರುವೆ ನಿಯಂತ್ರಣ

ಹಿತ್ತಲ ಕೋಳಿ ಸಾಕಣೆಯಲ್ಲಿ ಇರುವೆ ನಿಯಂತ್ರಣ ಎಂದರೆ ಕೋಳಿಗೂಡು, ಆಹಾರದ ಪಾತ್ರೆ ಹಾಗೂ ಕಾವಿನ ಬುಟ್ಟಿಗಳಿಂದ ಇರುವೆಗಳನ್ನು ದೂರವಿಡುವ ಕ್ರಮಗಳ ಸಮೂಹ. ಈ ಕ್ರಮಗಳು ಕೋಳಿಗಳಿಗೂ ಅವುಗಳ ಮೊಟ್ಟೆ ಮತ್ತು ಮಾಂಸವನ್ನು ಬಳಸುವ ಮನುಷ್ಯರಿಗೂ ಹಾನಿ ಮಾಡಬಾರದು ಎಂಬುದು ಇದರ ಮುಖ್ಯ ನಿಬಂಧನೆ. ಕರ್ನಾಟಕದ ಗ್ರಾಮೀಣ ಮನೆಗಳಲ್ಲಿ ನಾಟಿ ಕೋಳಿಗಳನ್ನೂ ಗಿರಿರಾಜ, ಸ್ವರ್ಣಧಾರಾ ಮುಂತಾದ ಸುಧಾರಿತ ತಳಿಗಳನ್ನೂ ಹಿತ್ತಲಲ್ಲಿ ಬಿಟ್ಟು ಸಾಕುವುದು ರೂಢಿಯಲ್ಲಿದೆ. ಹೀಗೆ ಬಿಟ್ಟ ಕೋಳಿಗಳು ನೆಲವನ್ನು ಕೆದಕಿ ಸಿಕ್ಕಿದ್ದನ್ನೆಲ್ಲ ಕುಕ್ಕುವುದರಿಂದ, ಮನೆಯೊಳಗೆ ಬಳಸುವ ಇರುವೆ ಔಷಧಗಳನ್ನು ಇಲ್ಲಿ ಹಾಗೆಯೇ ಬಳಸಲಾಗದು.

ಹಿತ್ತಲಲ್ಲಿ ಕಾಣುವ ಇರುವೆಗಳು

ಎಲ್ಲ ಇರುವೆಗಳೂ ಕೋಳಿಗಳಿಗೆ ಸಮಾನವಾಗಿ ಅಪಾಯಕಾರಿಯಲ್ಲ. ಗೊದ್ದ ಎಂದು ಕರೆಯಲಾಗುವ ದೊಡ್ಡ ಕಪ್ಪು ಇರುವೆಗಳು ಸಾಮಾನ್ಯವಾಗಿ ಸಿಹಿ ಪದಾರ್ಥಗಳನ್ನು ಅರಸಿ ಬರುತ್ತವೆ. ಮಾವು, ಗೇರು ಮೊದಲಾದ ಮರಗಳ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗೆ (ಈಕೋಫಿಲ್ಲಾ ಸ್ಮರಾಗ್ಡಿನಾ) ಚುಚ್ಚುವ ಕೊಂಡಿಯಿಲ್ಲ. ಅದು ಕಚ್ಚಿ, ಗಾಯದ ಮೇಲೆ ಫಾರ್ಮಿಕ್ ಆಮ್ಲವನ್ನು ಸಿಂಪಡಿಸುತ್ತದೆ. ನೆಲದಲ್ಲಿ ಗೂಡು ಮಾಡುವ ಬೆಂಕಿ ಇರುವೆ (ಸೊಲೆನಾಪ್ಸಿಸ್ ಜೆಮಿನೇಟ) ಇವೆಲ್ಲಕ್ಕಿಂತ ಅಪಾಯಕಾರಿ. ಅಮೆರಿಕ ಖಂಡದ ಮೂಲದ್ದಾದ ಈ ಕೆಂಪಿರುವೆ ಇಂದು ಏಷ್ಯಾದ ಉಷ್ಣವಲಯದಲ್ಲಿಯೂ ಹರಡಿದೆ. ಇದು ದವಡೆಗಳಿಂದ ಹಿಡಿದುಕೊಂಡು, ಹಿಂಭಾಗದ ಕೊಂಡಿಯಿಂದ ಹಲವು ಬಾರಿ ಚುಚ್ಚಬಲ್ಲದು.

ಮಳೆಗಾಲದಲ್ಲಿ ನೆಲದೊಳಗಿನ ಗೂಡುಗಳಿಗೆ ನೀರು ನುಗ್ಗಿದಾಗ ಇರುವೆಗಳು ಮೊಟ್ಟೆ, ಮರಿಗಳ ಸಮೇತ ಎತ್ತರದ ಒಣ ಜಾಗಗಳಿಗೆ ವಲಸೆ ಹೋಗುತ್ತವೆ. ಹುಲ್ಲು ಹಾಸಿದ ಬೆಚ್ಚನೆಯ ಕೋಳಿಗೂಡು ಅಂತಹ ಜಾಗಗಳಲ್ಲಿ ಒಂದು.

ಕೋಳಿಗಳಿಗೆ ಆಗುವ ಹಾನಿ

ಆರೋಗ್ಯವಂತ ದೊಡ್ಡ ಕೋಳಿಯು ಇರುವೆಗಳಿಂದ ದೂರ ಸರಿಯಬಲ್ಲದು. ಹಲವು ಬಗೆಯ ಇರುವೆಗಳನ್ನು ತಾನೇ ತಿನ್ನುವುದೂ ಉಂಟು. ನಿಜವಾದ ಅಪಾಯವಿರುವುದು ಮರಿಗಳಿಗೆ ಮತ್ತು ಕಾವು ಕುಳಿತ ಹೇಂಟೆಗೆ. ಕೋಳಿಮೊಟ್ಟೆಯು ಸುಮಾರು 21 ದಿನಗಳಲ್ಲಿ ಒಡೆದು ಮರಿಯಾಗುತ್ತದೆ. ಮರಿಯು ಚಿಪ್ಪಿಗೆ ಮೊದಲ ರಂಧ್ರ ಮಾಡಿದ ಬಳಿಕ ಪೂರ್ತಿಯಾಗಿ ಹೊರಬರಲು ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನವೇ ಬೇಕಾಗುತ್ತದೆ. ಆ ಹೊತ್ತಿನ ತೇವ ಮತ್ತು ವಾಸನೆಗೆ ಇರುವೆಗಳು ಬಿರುಕಿನ ಮೂಲಕ ಒಳನುಗ್ಗಿ, ಓಡಲಾರದ ಮರಿಯ ಕಣ್ಣು, ಬಾಯಿ ಮತ್ತು ಹೊಕ್ಕುಳಿನ ಭಾಗವನ್ನು ಕಚ್ಚಿ ಕೊಲ್ಲುತ್ತವೆ. ಕಾವಿನ ಕೋಳಿಯು ಕಡಿತ ತಾಳಲಾರದೆ ಎದ್ದುಹೋದರೆ ಮೊಟ್ಟೆಗಳು ತಣ್ಣಗಾಗಿ ಇಡೀ ಕಾವು ವ್ಯರ್ಥವಾಗಬಹುದು.

ಇರುವೆಗಳಿಂದ ಪರೋಕ್ಷ ಹಾನಿಯೂ ಉಂಟು. ರೈಲಿಯೆಟಿನಾ ಟೆಟ್ರಗೋನಾ ಮತ್ತು ರೈಲಿಯೆಟಿನಾ ಎಕಿನೋಬೋತ್ರಿಡಾ ಎಂಬ ಲಾಡಿಹುಳುಗಳಿಗೆ ಕೆಲವು ಜಾತಿಯ ಇರುವೆಗಳು ಮಧ್ಯಂತರ ಆಶ್ರಯದಾತ ಜೀವಿಗಳು. ಕೋಳಿಯ ಹಿಕ್ಕೆಯಲ್ಲಿರುವ ಹುಳುವಿನ ತತ್ತಿಗಳು ಇರುವೆಯ ದೇಹವನ್ನು ಸೇರಿ ಅಲ್ಲಿ ಮರಿಹುಳುಗಳಾಗುತ್ತವೆ. ಆ ಇರುವೆಯನ್ನು ತಿಂದ ಕೋಳಿಯ ಕರುಳಿನಲ್ಲಿ ಅವು ಪೂರ್ಣವಾಗಿ ಬೆಳೆಯುತ್ತವೆ. ಆದುದರಿಂದ ಹಿಕ್ಕೆಯನ್ನು ಆಗಾಗ ತೆಗೆದು ಗೂಡಿನಿಂದ ದೂರ ಗೊಬ್ಬರ ಮಾಡುವುದು ಈ ಚಕ್ರವನ್ನು ತುಂಡರಿಸುವ ಸುಲಭ ಮಾರ್ಗ.

ಆಹಾರ ಮತ್ತು ಸ್ವಚ್ಛತೆ

ಇರುವೆಗಳು ಗೂಡಿಗೆ ಬರುವುದು ಬಹುತೇಕ ಚೆಲ್ಲಿದ ಆಹಾರಕ್ಕಾಗಿ. ನುಚ್ಚು, ತೌಡು, ಅನ್ನದ ಉಳಿಕೆಗಳನ್ನು ಕೋಳಿಗಳು ಸ್ವಲ್ಪ ಹೊತ್ತಿನಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ಸಂಜೆ ಪಾತ್ರೆಯನ್ನು ತೆಗೆದಿಡುವುದರಿಂದ ಇರುವೆಗಳ ಸಾಲು ತಾನಾಗಿಯೇ ಕ್ಷೀಣಿಸುತ್ತದೆ. ಆಹಾರದ ಪಾತ್ರೆಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ತೂಗುಹಾಕಿದರೆ ಚೆಲ್ಲುವುದು ಕಡಿಮೆಯಾಗುತ್ತದೆ. ಮೊಟ್ಟೆಗಳನ್ನು ದಿನಕ್ಕೆ ಎರಡು ಬಾರಿ ಸಂಗ್ರಹಿಸಬೇಕು. ಒಡೆದ ಮೊಟ್ಟೆಯ ಲೋಳೆಯಿಂದ ನೆನೆದ ಹುಲ್ಲನ್ನು ಕೂಡಲೇ ಬದಲಿಸಬೇಕು.

ನೀರಿನ ತಡೆ

ವಿಷವಿಲ್ಲದ ಉಪಾಯಗಳಲ್ಲಿ ಹೆಚ್ಚು ಫಲಕಾರಿಯಾದದ್ದು ನೀರಿನ ತಡೆ. ಗೂಡನ್ನು ಕಾಲುಗಳ ಮೇಲೆ ನಿಲ್ಲಿಸಿ, ಪ್ರತಿ ಕಾಲನ್ನೂ ನೀರು ತುಂಬಿದ ಬಟ್ಟಲಿನಲ್ಲಿ ಇರಿಸಲಾಗುತ್ತದೆ. ನೀರಿಗೆ ಕೆಲವು ಹನಿ ಸಾಬೂನಿನ ದ್ರಾವಣವನ್ನು ಬೆರೆಸಿದರೆ ಮೇಲ್ಮೈ ಎಳೆತ ಕುಗ್ಗಿ, ಇರುವೆಗಳು ತೇಲಲಾರದೆ ಮುಳುಗುತ್ತವೆ. ಈ ವಿಧಾನದಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಗೂಡು ಗೋಡೆಗಾಗಲಿ ಕೊಂಬೆಗಾಗಲಿ ಎತ್ತರದ ಹುಲ್ಲಿಗಾಗಲಿ ತಾಗಬಾರದು. ಒಂದು ಎಲೆ ತಾಗಿದರೂ ಅದೇ ಸೇತುವೆಯಾಗುತ್ತದೆ. ಎರಡನೆಯದಾಗಿ, ಕೋಳಿಗಳು ಈ ನೀರನ್ನು ಕುಡಿಯದಂತೆ, ಮರಿಗಳು ಅದರಲ್ಲಿ ಬೀಳದಂತೆ ಬಟ್ಟಲಿನ ಮೇಲೆ ಜಾಲರಿ ಹೊದಿಸಬೇಕು. ಮೂರನೆಯದಾಗಿ, ಸೊಳ್ಳೆಗಳು ಬೆಳೆಯದಂತೆ ವಾರಕ್ಕೆ ಒಮ್ಮೆಯಾದರೂ ಬಟ್ಟಲನ್ನು ತೊಳೆದು ಹೊಸ ನೀರು ತುಂಬಬೇಕು.

ತೂಗುಹಾಕಿದ ಬುಟ್ಟಿ ಅಥವಾ ಪಾತ್ರೆಗೆ ಇರುವೆಗಳು ಹಗ್ಗದ ಮೂಲಕ ಇಳಿದು ಬರುತ್ತವೆ. ಹಗ್ಗದ ಮೇಲ್ಭಾಗದಲ್ಲಿ, ಕೋಳಿಗಳಿಗೆ ಎಟುಕದಂತೆ, ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ, ಒಣಗಿದಾಗ ಮತ್ತೆ ಎಣ್ಣೆ ಹಚ್ಚಬೇಕು. ಎಣ್ಣೆಯು ಕಾವಿನ ಮೊಟ್ಟೆಗಳಿಗೆ ತಾಗಬಾರದು. ಚಿಪ್ಪಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋದರೆ ಒಳಗಿನ ಭ್ರೂಣಕ್ಕೆ ಗಾಳಿ ದೊರೆಯುವುದಿಲ್ಲ.

ಬೂದಿ ಮತ್ತು ಬಿಸಿನೀರು

ಸೌದೆಯ ತಣ್ಣನೆಯ ಒಣಬೂದಿಯನ್ನು ಗೂಡಿನ ಸುತ್ತ ಹರಡುವುದು ಹಳೆಯ ಪದ್ಧತಿ. ಕೋಳಿಗಳು ಈ ಬೂದಿಯಲ್ಲಿ ಹೊರಳಾಡಿ ಹೇನುಗಳನ್ನು ಕಳೆದುಕೊಳ್ಳುವುದೂ ಉಂಟು. ಬೂದಿ ಒದ್ದೆಯಾದರೆ ತಡೆಯಾಗಿ ಉಳಿಯುವುದಿಲ್ಲ. ಅದರ ಕ್ಷಾರಗುಣದಿಂದ ಕಾಲಿನ ಚರ್ಮಕ್ಕೆ ಉರಿಯೂ ಆಗಬಹುದು. ಡಯಾಟಮ್ ಮಣ್ಣು ಇರುವೆಯ ಮೈಮೇಲಿನ ಮೇಣದ ಪದರವನ್ನು ಹೀರಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಆದರೆ ಅದರ ಧೂಳು ಕೋಳಿಗಳ ಮತ್ತು ಸಾಕುವವರ ಶ್ವಾಸಾಂಗಗಳಿಗೆ ಹಿತವಲ್ಲವಾದ್ದರಿಂದ ಮುಚ್ಚಿದ ಗೂಡಿನೊಳಗೆ ಎರಚಬಾರದು.

ಇರುವೆಗೂಡು ಪತ್ತೆಯಾದಲ್ಲಿ ಅದಕ್ಕೆ ಕುದಿಯುವ ನೀರನ್ನು ಹೊಯ್ಯಬಹುದು. ಸುಮಾರು 10 ಲೀಟರ್ ನೀರನ್ನು ಬೆಳಗಿನ ಹೊತ್ತು ನಿಧಾನವಾಗಿ ಸುರಿಯಬೇಕು. ರಾಣಿ ಇರುವೆ ಬದುಕುಳಿದರೆ ಗೂಡು ಪುನಃ ಬೆಳೆಯುವುದರಿಂದ, ಕೆಲವು ದಿನಗಳ ಅಂತರದಲ್ಲಿ ಈ ಕ್ರಿಯೆಯನ್ನು ಪುನರಾವರ್ತಿಸಬೇಕಾಗುತ್ತದೆ. ಆ ವೇಳೆ ಕೋಳಿಗಳನ್ನೂ ಮಕ್ಕಳನ್ನೂ ದೂರವಿರಿಸಬೇಕು. ಗಿಡದ ಬೇರಿಗೆ ನೀರು ತಾಗದಂತೆ ನೋಡಿಕೊಳ್ಳಬೇಕು.

ಬೋರಿಕ್ ಆಮ್ಲದ ಆಮಿಷ

ಕೇರಂ ಹಲಗೆಗೆ ಹಾಕುವ ಪುಡಿಯಾಗಿ ಪರಿಚಿತವಾದ ಬೋರಿಕ್ ಆಮ್ಲವು ಇರುವೆಗಳಿಗೆ ನಿಧಾನವಿಷ. 1 ಲೀಟರ್ ಬೆಚ್ಚನೆಯ ನೀರಿನಲ್ಲಿ 100 ಗ್ರಾಂ ಸಕ್ಕರೆ ಮತ್ತು 10 ಗ್ರಾಂ ಬೋರಿಕ್ ಆಮ್ಲವನ್ನು ಕರಗಿಸಿ ಆಮಿಷವನ್ನು ತಯಾರಿಸಲಾಗುತ್ತದೆ. ಕೆಲಸಗಾರ ಇರುವೆಗಳು ಇದನ್ನು ಹೊಟ್ಟೆಯಲ್ಲಿ ಒಯ್ದು ಗೂಡಿನ ಇತರ ಇರುವೆಗಳಿಗೆ ಬಾಯಿಯಿಂದ ಉಣಿಸುವುದರಿಂದ ವಿಷವು ರಾಣಿಯನ್ನೂ ತಲುಪುತ್ತದೆ. ಪ್ರಮಾಣ ಹೆಚ್ಚಾದರೆ ಅವು ದಾರಿಯಲ್ಲಿಯೇ ಸಾಯುತ್ತವೆ, ಇಲ್ಲವೇ ಆಮಿಷವನ್ನು ಮುಟ್ಟುವುದಿಲ್ಲ. ಫಲ ಕಾಣಲು ಕೆಲವು ವಾರಗಳೇ ಬೇಕಾಗಬಹುದು.

ಆಮಿಷದಲ್ಲಿ ನೆನೆಸಿದ ಹತ್ತಿಯನ್ನು, ಇರುವೆ ಮಾತ್ರ ನುಸುಳುವಷ್ಟು ಸಣ್ಣ ರಂಧ್ರಗಳಿರುವ ಮುಚ್ಚಳದ ಡಬ್ಬಿಯಲ್ಲಿಟ್ಟು, ಕೋಳಿಗಳು ಓಡಾಡುವ ಬೇಲಿಯ ಹೊರಗೆ, ಇರುವೆಗಳ ಸಾಲಿನ ಬಳಿ ಭದ್ರವಾಗಿ ಇರಿಸಬೇಕು. ಆಮಿಷವು ಮೊದಲಿಗೆ ಇರುವೆಗಳನ್ನು ಆಕರ್ಷಿಸುವುದರಿಂದ ಅದನ್ನು ಗೂಡಿನ ಸಮೀಪ ಇಡುವುದು ತಪ್ಪು. ಇದು ಕೋಳಿಗಳಿಗೂ ಮಕ್ಕಳಿಗೂ ವಿಷವೇ ಆಗಿರುವುದರಿಂದ ಡಬ್ಬಿಯ ಮೇಲೆ ಹೆಸರು ಬರೆದಿಡುವುದು ಅಗತ್ಯ.

ಬಳಸಬಾರದ ಪದಾರ್ಥಗಳು

ಒಂದು ಕಾಲದಲ್ಲಿ ಮನೆಮನೆಗಳಲ್ಲಿ ಇರುವೆಗೆ ಎರಚುತ್ತಿದ್ದ ಗ್ಯಾಮಾಕ್ಸಿನ್ ಪುಡಿಯು ಬಿ.ಎಚ್.ಸಿ. ಎಂಬ ಕೀಟನಾಶಕ, ಭಾರತದಲ್ಲಿ 1997ರಲ್ಲಿ ಬಿ.ಎಚ್.ಸಿ.ಯನ್ನು ನಿಷೇಧಿಸಲಾಯಿತು. ಇಂತಹ ಕೊಬ್ಬಿನಲ್ಲಿ ಕರಗುವ ವಿಷಗಳು ಕೋಳಿಯ ದೇಹದ ಕೊಬ್ಬಿನಲ್ಲಿ ಸಂಗ್ರಹಗೊಂಡು ಮೊಟ್ಟೆಯ ಹಳದಿ ಭಾಗಕ್ಕೆ ಬರುತ್ತವೆ. ಕೋಳಿ ಆರೋಗ್ಯವಾಗಿ ಕಂಡರೂ ಮೊಟ್ಟೆ ನಿರಪಾಯವೆಂದು ಹೇಳಲಾಗದು. ಕೆಲವು ಇರುವೆ ಜೆಲ್‌ಗಳಲ್ಲಿರುವ ಫಿಪ್ರೊನಿಲ್ ಇದಕ್ಕೆ ನಿದರ್ಶನ. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂ ಮುಂತಾದ ದೇಶಗಳ ಕೋಳಿ ಫಾರಂಗಳಲ್ಲಿ ಕೆಂಪು ಉಣ್ಣಿಗಳ ನಿವಾರಣೆಗೆ ಬಳಸಿದ ದ್ರಾವಣದಲ್ಲಿ ಫಿಪ್ರೊನಿಲ್ ಸೇರಿತ್ತು; ಮೊಟ್ಟೆಗಳಲ್ಲಿ ಅದರ ಅಂಶ ಪತ್ತೆಯಾಗಿ ಲಕ್ಷಾಂತರ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು.

ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಪಕ್ಷಿಗಳ ನರಮಂಡಲಕ್ಕೆ ಮಾರಕ. ಸೀಮೆಎಣ್ಣೆಯಿಂದ ಬೆಂಕಿಯ ಭಯವೂ ಚರ್ಮದ ಉರಿಯೂ ಇದೆ. ನೆಲಕ್ಕೆ ಉಪ್ಪು ಎರಚಿದರೆ ಕೋಳಿಗಳು ಅದರ ಹರಳುಗಳನ್ನು ಕುಕ್ಕಿ ಉಪ್ಪಿನ ವಿಷಬಾಧೆಗೆ ಒಳಗಾಗಬಹುದು.

ಕಡಿತಕ್ಕೊಳಗಾದ ಮರಿಗಳ ಆರೈಕೆ

ಇರುವೆ ಮುತ್ತಿದ ಮರಿಯನ್ನು ಮೊದಲು ಆ ಜಾಗದಿಂದ ತೆಗೆಯಬೇಕು. ಕಣ್ಣಿನ ಸುತ್ತ, ಬಾಯಿಯೊಳಗೆ, ರೆಕ್ಕೆಯ ಅಡಿಯಲ್ಲಿ ಅಂಟಿಕೊಂಡ ಇರುವೆಗಳನ್ನು ಒಂದೊಂದಾಗಿ ಬಿಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಡನೆಯೇ ಒಣಗಿಸಬೇಕು. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುವುದರಿಂದ, ಒದ್ದೆಯಾಗಿ ಬಿಟ್ಟರೆ ಅದು ಚಳಿಯಿಂದಲೇ ಸಾಯಬಹುದು. ಕಣ್ಣು ಊದಿಕೊಂಡಿದ್ದರೆ ಅಥವಾ ಉಸಿರಾಟ ಕಷ್ಟವಾಗಿದ್ದರೆ ಪಶುವೈದ್ಯರನ್ನು ಕಾಣಬೇಕು.

ಇರುವೆಗಳ ಉಪಯುಕ್ತತೆ

ಇರುವೆಗಳು ಗೆದ್ದಲು ಮತ್ತು ನೊಣದ ಮರಿಹುಳುಗಳನ್ನು ತಿಂದು ಹಿತ್ತಲಿಗೆ ಉಪಕಾರವನ್ನೂ ಮಾಡುತ್ತವೆ. ಚಗಳಿ ಇರುವೆಯು ತಾನಿರುವ ಮರದ ಎಲೆ, ಕಾಯಿಗಳನ್ನು ಕೀಟಗಳಿಂದ ಕಾಯುತ್ತದೆ. ಮಲೆನಾಡಿನಲ್ಲಿ ಅದರ ಚಟ್ನಿಯನ್ನೂ ಮಾಡುತ್ತಾರೆ. ಹೀಗಾಗಿ ಇರುವೆ ನಿಯಂತ್ರಣದ ಗುರಿ ಹಿತ್ತಲಿನ ಇರುವೆಗಳನ್ನೆಲ್ಲ ನಿರ್ಮೂಲ ಮಾಡುವುದಲ್ಲ. ಕೋಳಿಗೂಡನ್ನು, ಅದರಲ್ಲಿಯೂ ಕಾವಿನ ಕೊನೆಯ ದಿನಗಳಲ್ಲಿ ಬುಟ್ಟಿಯನ್ನು, ಅವುಗಳಿಂದ ರಕ್ಷಿಸುವುದು.