ಮುತ್ತಜ್ಜಿಯ ಹೆಸರು ಯಾರಿಗೆ ಗೊತ್ತು?

ನಿಮ್ಮ ಅಜ್ಜನ ಹೆಸರು ಕೇಳಿದರೆ ಥಟ್ಟನೆ ಹೇಳುತ್ತೀರಿ. ಅವರ ತಂದೆಯ ಹೆಸರನ್ನೂ ಹೇಗೋ ನೆನಪಿಸಿಕೊಳ್ಳುತ್ತೀರಿ. ಆದರೆ ಅಜ್ಜನ ತಾಯಿಯ ಹೆಸರು? ಇಲ್ಲಿ ನಾಲಿಗೆ ತಡವರಿಸುತ್ತದೆ, ಅಲ್ಲವೇ? "ಎಲ್ಲರೂ ದೊಡ್ಡಮ್ಮ ಅಂತಿದ್ರು, ಹೆಸರು ಯಾರು ಕೇಳಿದ್ರು?" ಎಂಬುದೇ ಬಹಳ ಮನೆಗಳ ಉತ್ತರ.

ವಂಶವೃಕ್ಷ ಬರೆಯುವವರು ಪ್ರತಿ ಬಳಗದಲ್ಲೂ ಒಬ್ಬರಾದರೂ ಸಿಗುತ್ತಾರೆ. ನಿವೃತ್ತ ಮೇಷ್ಟ್ರೋ, ಬ್ಯಾಂಕಿನಲ್ಲಿದ್ದ ಮಾವನೋ ಮುತುವರ್ಜಿಯಿಂದ ಬರೆದು ಅಚ್ಚು ಹಾಕಿಸುತ್ತಾರೆ. ಆದರೆ ಎಷ್ಟೋ ಪುಸ್ತಿಕೆಗಳಲ್ಲಿ ಗಂಡಸರದೇ ಸಾಲು, ಹೆಂಗಸರ ಜಾಗದಲ್ಲಿ ಬರೀ ಗೀಟು. ಮದುವೆಯಲ್ಲಿ ಹೆಸರು ಬದಲಾಯಿಸುವ ಮನೆಗಳಲ್ಲಂತೂ ಗಂಡನ ಮನೆಯವರಿಗೆ ತವರಿನ ಹೆಸರು ಗೊತ್ತಿಲ್ಲ, ತವರಿನವರಿಗೆ ಗಂಡನ ಮನೆಯ ಹೆಸರು ಗೊತ್ತಿಲ್ಲ. ಇಂಥ ಗಂಟನ್ನು ಒಬ್ಬರೇ ಕೂತು ಬಿಡಿಸಲಾಗದು. ಇನ್ನೊಂದು ಕವಲಿನಲ್ಲಿ ಹುಡುಕುತ್ತಿರುವವರ ನೆರವು ಬೇಕೇ ಬೇಕು.

ಉತ್ತರ ಕರ್ನಾಟಕದ ಸೋದರಿಯರಿಗೆ ಹೆಳವರ ವಿಷಯ ಹೊಸದಾಗಿ ಹೇಳಬೇಕಿಲ್ಲ. ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರು ಹೇಳಿ ಕಾಳುಕಡಿ ಪಡೆದು ಹೋಗುವವರು. ಮುಂದಿನ ಸಲ ಅವರು ಬಂದಾಗ ಜೋಳ ಹಾಕಿ ಕಳಿಸಿಬಿಡಬೇಡಿ. ಕೂಡಿಸಿ, ಚಹ ಕೊಟ್ಟು, "ನಮ್ಮ ಮನೆತನದವರು ಮೊದಲು ಯಾವ ಊರಲ್ಲಿದ್ದರು? ಅಣ್ಣತಮ್ಮಂದಿರ ಬೇರೆ ಕವಲು ಈಗ ಎಲ್ಲಿದೆ?" ಅಂತ ಕೇಳಿ. ಆ ಕವಲಿನ ಊರು ಸಿಕ್ಕಿತೆಂದರೆ ಅರ್ಧ ಕೆಲಸವಾದಂತೆ. ಹರಿದ್ವಾರದ ಪಂಡರೂ ಯಾತ್ರಿಕರ ವಂಶಾವಳಿಯನ್ನು ಊರು, ಜಾತಿಗಳ ಪ್ರಕಾರ ಬಹಿಗಳಲ್ಲಿ ಬರೆದಿಡುತ್ತಾರೆ. ಹಿರಿಯರು ಆ ಕಡೆ ಯಾತ್ರೆ ಹೋಗಿದ್ದರೆ ವಿಚಾರಿಸಬಹುದು. ಕ್ರೈಸ್ತ ಮನೆತನದವರಾದರೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ನೋಡಿ. ಮಗುವಿನ ತಾಯಿಯ ಹೆಸರು ಅದರಲ್ಲಿ ಸಿಗಬಹುದು.

ಹಳೆಯ ಜಮೀನಿನ ಕಾಗದಗಳನ್ನೂ ತೆಗೆದು ನೋಡಿ. 'ಬಿನ್' ಎಂದಿದ್ದರೆ ಇಂಥವರ ಮಗ, 'ಕೋಂ' ಎಂದಿದ್ದರೆ ಇಂಥವರ ಹೆಂಡತಿ. ಬದುಕೆಲ್ಲ ಒಲೆಯ ಮುಂದೆ ಕಳೆದ ಹೆಂಗಸಿನ ಹೆಸರು ಗಂಡ ತೀರಿಕೊಂಡ ಮೇಲೆ ಖಾತೆಯಲ್ಲಿ ಮೊದಲ ಬಾರಿ ಕಾಣಿಸುವುದುಂಟು. ಓದಿದಾಗ ಕರುಳು ಚುರ್ ಅನ್ನುತ್ತದೆ.

ಜಾತಕ ಸಿಕ್ಕರೆ ಮಾತ್ರ ಜೋಕೆ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಧಾತು ಸಂವತ್ಸರ ಎಂದರೆ 1876 ಆಗಬಹುದು, 1936 ಕೂಡ ಆಗಬಹುದು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುವ ನಮ್ಮಲ್ಲಿ ಇಬ್ಬರನ್ನು ಒಬ್ಬರೇ ಎಂದುಕೊಳ್ಳುವುದು ಬಲು ಸುಲಭ!

ಇನ್ನು ಬೇರೆ ಕವಲಿನವರಿಗೆ ಬರೆಯುವ ಮಾತು. "ನಮ್ಮ ವಂಶದ ಬಗ್ಗೆ ಗೊತ್ತಿದ್ದುದೆಲ್ಲ ತಿಳಿಸಿ" ಅಂತ ಬರೆದರೆ ಯಾರು ಉತ್ತರಿಸುತ್ತಾರೆ ಹೇಳಿ? ಒಂದೇ ಪ್ರಶ್ನೆ ಕೇಳಿ. "ನಮ್ಮ ಅಜ್ಜಿ ನಿಮ್ಮೂರಿನ ಹೆಣ್ಣುಮಗಳು, ಮನೆದೇವರು ಇಂಥದ್ದು, ಮದುವೆ ಸುಮಾರು 1930ರಲ್ಲಿ. ಅವರ ತಾಯಿಯ ತವರು ಯಾವುದೆಂದು ನಿಮ್ಮ ಮನೆಯ ಹಿರಿಯರಿಗೆ ನೆನಪಿದೆಯೇ?" ಇಷ್ಟು ಸಾಕು. ಹಿರಿಯರಿಂದ ಕೇಳಿದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ತಿಳಿಸಿ. ನಿಮ್ಮಲ್ಲಿರುವ ಹಳೆಯ ಫೋಟೋ, ಲಗ್ನಪತ್ರಿಕೆಯ ಪ್ರತಿಯನ್ನು ಮೊದಲು ನೀವೇ ಕಳಿಸಿ. ವಾಟ್ಸಾಪಿನಲ್ಲಿ ಕಳಿಸಿದರೂ ನಡೆದೀತು, ಆದರೆ ಎಂಬತ್ತು ದಾಟಿದ ಅಜ್ಜಿಗೆ ಕಾಗದವೇ ಚೆಂದ. ಸ್ಟಾಂಪು ಹಚ್ಚಿದ ಕವರನ್ನೂ ಜೊತೆಗಿಡಿ.

ಒಂದು ಸೂಕ್ಷ್ಮ ಇದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ತಿದ್ದುಪಡಿ ಬಂತು. ಹೀಗಾಗಿ ಹೆಣ್ಣುಮಗಳು ವಂಶಾವಳಿ ಕೇಳಿದರೆ "ಪಾಲಿಗೆ ಬಂದ್ಲೇನೋ!" ಅಂತ ಕೆಲವರ ಹುಬ್ಬು ಗಂಟಾಗುತ್ತದೆ. ಪಾಲು ಕೇಳುವುದು ತಪ್ಪಲ್ಲ, ಅದು ನಿಮ್ಮ ಹಕ್ಕು. ಹೆಸರಿಗಾಗಿಯೇ ಬರೆಯುತ್ತಿದ್ದರೆ ಮೊದಲ ಸಾಲಿನಲ್ಲೇ ಅದನ್ನು ಬಿಚ್ಚಿ ಹೇಳಿಬಿಡಿ. ಯಾರದೋ ಎರಡನೆಯ ಸಂಬಂಧ, ಮನೆ ಬಿಟ್ಟುಹೋದವರ ಕಥೆ ಸಿಕ್ಕರೆ ಬದುಕಿರುವವರನ್ನು ಕೇಳದೆ ಅಚ್ಚಿಗೆ ಕೊಡಬೇಡಿ.

ತಿಂಗಳಾದರೂ ಉತ್ತರವಿಲ್ಲವೇ? ಬೇಸರ ಬೇಡ, ಹಬ್ಬದ ಶುಭಾಶಯದ ನೆಪದಲ್ಲಿ ಇನ್ನೊಂದು ಕಾಗದ ಹಾಕಿ. ಈ ಸಲ ಮನೆಯ ಯಜಮಾನರ ಹೆಸರಿಗೆ ಬೇಡ, ಅಲ್ಲಿಯ ಸೊಸೆಗೆ ಬರೆಯಿರಿ. ಅತ್ತೆಯ ಹತ್ತಿರ ಕೂತು ಕೇಳಿ ಬರೆಯುವವಳು ಅವಳೇ.